ಹಿಮದ ಹೆದ್ದಾರಿಯಲ್ಲಿ ಅಪ್ಪನ ತಿಥಿ

ಗವಿಪುರಂ: ತಿರುವದ ಹಾಳೆ

ಗವಿಪುರಂನಲ್ಲಿರುವ ನಮ್ಮ ಅತ್ತಿಗೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷದಿಂದ ಆಗಸ್ಟ್ ತಿಂಗಳೇ ನಡೆಯುತ್ತಿದೆ. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಆ ಹಾಳೆಯಲ್ಲಿ ಒಂದು ಸರೋವರದ ಚಿತ್ರವಿದೆ. ಸುತ್ತ ಹಿಮದ ಬೆಟ್ಟ, ನಡುವೆ ಕಣ್ಣಿಗೆ ನಂಬಿಕೆಯಾಗದಂಥ ನೀಲಿ ನೀರು, ಕೆಳಗಡೆ ದಪ್ಪಕ್ಷರದಲ್ಲಿ ಬೆಲ್ಲ ಮತ್ತು ತೊಗರಿಬೇಳೆಯ ಸಗಟು ವ್ಯಾಪಾರಿಗಳು ಎಂಬ ಒಕ್ಕಣೆ. ಆ ವರ್ಷ ಸೆಪ್ಟೆಂಬರ್ ಬಂದಾಗ ಅತ್ತಿಗೆ ಹಾಳೆ ತಿರುವಲಿಲ್ಲ. ಮರುವರ್ಷದ ಕ್ಯಾಲೆಂಡರ್ ಅದರ ಪಕ್ಕದ ಮೊಳೆಗೆ ಬಂತು. ಆಮೇಲೆ ಬಂದವೆಲ್ಲ ಅದೇ ಪಕ್ಕದ ಮೊಳೆಯಲ್ಲಿ ಬದುಕಿ ಹೋದವು.

"ಅದು ಊಟಿ ಇರ್ಬೇಕು ಕಣೇ" ಎಂದು ಅಣ್ಣ ಮೊದಲ ಐದಾರು ವರ್ಷ ಹೇಳುತ್ತಿದ್ದ. ಆಮೇಲೆ ಕಾಶ್ಮೀರ ಎನ್ನತೊಡಗಿದ. ಕೊನೆಗೆ ಪಕ್ಕದ ಮನೆಯ ಹುಡುಗಿ ಫೋನಿನಲ್ಲಿ ಆ ಚಿತ್ರದ ಫೋಟೋ ತೆಗೆದಳು, ಫೋನೇ ಉತ್ತರ ಹೇಳಿತು. ಕೆನಡಾ ದೇಶ. ಪೇಟೋ ಸರೋವರ. ಐಸ್‌ಫೀಲ್ಡ್ಸ್ ಪಾರ್ಕ್‌ವೇ ಎಂಬ ಬೆಟ್ಟದ ಹೆದ್ದಾರಿಯಲ್ಲಿ ಹೋದರೆ ಸಿಗುತ್ತದೆ. ಅತ್ತಿಗೆ ಒಲೆ ಆರಿಸಿ ಹೊರಗೆ ಬಂದು, "ನಾನು ಅಲ್ಲಿಗೆ ಹೋಗ್ಬೇಕು ರೀ" ಎಂದರು. ಮದುವೆಯಾದಂದಿನಿಂದ ಒಂದು ಒಗ್ಗರಣೆ ಸೌಟಿಗೂ ಹಟ ಹಿಡಿದವರಲ್ಲ ನಮ್ಮ ಅತ್ತಿಗೆ. ಅಣ್ಣ ಹೆದರಿ ಒಪ್ಪಿಕೊಂಡ.

ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಯಿಂದ ಎಂದು ಯಾರೂ ತಿಳಿಯಬೇಡಿ. ನಾನು ಜಯಾ, ಅಣ್ಣನಿಗಿಂತ ಐದು ವರ್ಷ ಚಿಕ್ಕವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಮದುವೆಯ ಗೋಜಿಗೆ ಹೋಗದೆ ಚಾಮರಾಜಪೇಟೆಯ ಮನೆಯಲ್ಲಿ ಅಪ್ಪನ ಜೊತೆಗಿದ್ದೆ, ಅಪ್ಪ ಹೋದಮೇಲೆ ಅಲ್ಲೇ ಒಬ್ಬಳೇ ಇದ್ದೇನೆ. ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುವುದು ನನಗೊಬ್ಬಳಿಗೇ. ಅಣ್ಣನ ವಿದ್ಯೆ ಸ್ಕೂಟರಿಗೆ ನಿಂತುಹೋಗಿದೆ. "ಅಲ್ಲಿ ಬಸ್ಸಿಲ್ವಂತೆ, ಜಯಾನೂ ಬರ್ಲಿ" ಎಂದ. ಹೀಗೆ ನಾನು ಪ್ರವಾಸಿಯಾದೆ.

ಅಣ್ಣನಿಗಿದ್ದ ಒಂದೇ ತಕರಾರು ಅಪ್ಪನ ತಿಥಿ. ಅಪ್ಪ ಹೋಗಿ ಒಂಬತ್ತು ವರ್ಷ. ಆ ದಿನ ಎಡೆಯನ್ನು ಕಾಗೆ ಮುಟ್ಟುವವರೆಗೆ ಅಣ್ಣ ನೀರು ಬಿಟ್ಟು ಬೇರೇನನ್ನೂ ಬಾಯಿಗಿಡುವುದಿಲ್ಲ. ಬೇರೆ ಮನೆಗಳಲ್ಲಿ ಸ್ವಲ್ಪ ಹೊತ್ತು ನೋಡಿ, ಕಾಗೆ ಬಾರದಿದ್ದರೆ ಹಸುವಿಗೆ ಹಾಕಿ ಊಟಕ್ಕೆ ಕೂರುತ್ತಾರೆ. ನಮ್ಮಣ್ಣ ಕೂರುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ. ನಮ್ಮ ಕಡೆ ಈಗ ಕಾಗೆಗಳೆಲ್ಲಿವೆ ಹೇಳಿ? ಬರೀ ಪಾರಿವಾಳ. ಹೋದ ಸಲ ತಾರಸಿಯ ಮೇಲೆ ಎಲೆ ಇಟ್ಟು "ಕಾ ಕಾ" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಬಂದ ಪಾರಿವಾಳಗಳನ್ನು ಟವೆಲ್ಲಿನಿಂದ ಓಡಿಸಿದ. ಆಮೇಲೆ ಎಡೆಯನ್ನು ಡಬ್ಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿ, ಕಾಗೆ ಹುಡುಕಿಕೊಂಡು ಬುಲ್ ಟೆಂಪಲ್ ರಸ್ತೆಯ ತುದಿಯವರೆಗೆ ಹೋದ. ಕಾಗೆ ಸಿಕ್ಕಿ ಅವನು ಮನೆಗೆ ಬಂದು ಎಲೆಯ ಮುಂದೆ ಕೂರುವಾಗ ನಾಲ್ಕೂವರೆ. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಿದ್ದ.

ಪಂಚಾಂಗ ತೆಗೆದು ನೋಡಿದ. ತಿಥಿ ಶುಕ್ರವಾರ ಬರುತ್ತಿತ್ತು. ಶುಕ್ರವಾರದ ಹೊತ್ತಿಗೆ ನಾವು ಬೆಟ್ಟ ಇಳಿದು ಕ್ಯಾಲ್ಗರಿ ನಗರದಲ್ಲಿ ನನ್ನ ಗೆಳತಿ ಪದ್ಮಾಳ ಮನೆ ಸೇರಿರುತ್ತೇವೆ. ಅವಳ ಹಿತ್ತಲಿನಲ್ಲಿ ಕಾಗೆಗಳು ದಂಡಿಯಾಗಿ ಇವೆಯಂತೆ. "ಸರಿ ಹೋಯ್ತು ಬಿಡು" ಎಂದು ಅಣ್ಣ ಪಂಚಾಂಗ ಮಡಚಿದ.

ಕ್ಯಾಲ್ಗರಿ: ಹಾರ್ನ್ ಹೊಡೆಯದ ಜನ

ಪದ್ಮಾ ಮಲ್ಲೇಶ್ವರದವಳು, ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವಳು. ಕ್ಯಾಲ್ಗರಿಯಲ್ಲಿ ಕೇಕಿನ ಅಂಗಡಿ ಇಟ್ಟುಕೊಂಡಿದ್ದಾಳೆ. ಬಾಡಿಗೆ ಕಾರು ಕೊಡಿಸಿ, "ಬಲಗಡೆ ಹೋಗು, ಹಾರ್ನ್ ಮುಟ್ಬೇಡ, ಅಷ್ಟೇ ಕಣೇ" ಎಂದಳು. ಬಲಗಡೆ ಹೋಗುವುದು ಅರ್ಧ ದಿನಕ್ಕೆ ರೂಢಿಯಾಯಿತು. ಹಾರ್ನ್ ಮುಟ್ಟದಿರುವುದು ಕೊನೆಯವರೆಗೂ ಆಗಲಿಲ್ಲ.

ತಪ್ಪು ನನ್ನೊಬ್ಬಳದೇ ಅಲ್ಲ. ಘಾಟಿ ಎಂದರೆ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯಬೇಕು ಎಂದು ನನ್ನ ಬಲಗೈಗೆ ಗೊತ್ತು. ಮೊದಲ ಬೆಟ್ಟದ ತಿರುವು ಬಂದ ಕೂಡಲೇ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಪಕ್ಕದಲ್ಲಿ ಉಸಿರು ಬಿಡುತ್ತಾ ಏರುತ್ತಿದ್ದ ಸೈಕಲ್ ಸವಾರನೊಬ್ಬ ಬೆಚ್ಚಿಬಿದ್ದು, ತಿರುಗಿ ನೋಡಿ, ನಮ್ಮ ಕಡೆ ನಡುಬೆರಳೊಂದನ್ನೇ ಎತ್ತಿ ತೋರಿಸಿದ.

"ಒಂದ್ ನಿಮಿಷ ಅಂತಿದಾನೆ, ಏನೋ ಬೇಕಂತೆ, ನಿಲ್ಸು ನಿಲ್ಸು" ಎಂದ ಅಣ್ಣ.

"ಅವನಿಗೆ ಏನೂ ಬೇಡ ಅಣ್ಣ."

"ಪಾಪ, ನೀರು ಕೇಳ್ತಿದಾನೋ ಏನೋ!"

ನಾನು ನಿಲ್ಲಿಸದೆ ಮುಂದೆ ಹೋದದ್ದಕ್ಕೆ ಅಣ್ಣ ಹತ್ತು ಮೈಲಿ ಮುಖ ಊದಿಸಿಕೊಂಡಿದ್ದ. ಅತ್ತಿಗೆ ಹಿಂದಿನ ಸೀಟಿನಿಂದ ಆ ಸವಾರನಿಗೆ ಕೈ ಬೀಸಿ ನಗುತ್ತಿದ್ದುದನ್ನು ಕನ್ನಡಿಯಲ್ಲಿ ನೋಡಿದೆ.

ಅಣ್ಣನಿಗೆ ಕಾರು ಬಾರದಿದ್ದರೂ ಅವನ ಬಲಗಾಲು ಮಾತ್ರ ಇಡೀ ದಾರಿ ಬ್ರೇಕ್ ಒತ್ತುತ್ತಲೇ ಇತ್ತು. ಅಲ್ಲಿ ಬ್ರೇಕ್ ಇರಲಿಲ್ಲ, ಬರೀ ಮ್ಯಾಟ್ ಇತ್ತು. ಮ್ಯಾಟ್ ಸುಕ್ಕಾಯಿತು.

ಲೇಕ್ ಲೂಯಿಸ್: ಶಾಸ್ತ್ರಿಗಳ ಸಂದೇಶ

ಬುಧವಾರ ಮಧ್ಯಾಹ್ನ ಲೇಕ್ ಲೂಯಿಸ್ ಎಂಬ ಪುಟ್ಟ ಊರಿನ ಮೋಟೆಲ್ ತಲುಪಿದೆವು. ಮರುದಿನ ಇಡೀ ಹೆದ್ದಾರಿ ದಾಟಿ ಆ ತುದಿಯ ಊರಿನಲ್ಲಿ ತಂಗಬೇಕು, ಶುಕ್ರವಾರ ಇನ್ನೊಂದು ದಾರಿಯಲ್ಲಿ ಬೆಟ್ಟ ಇಳಿದು ಪದ್ಮಾಳ ಮನೆ ಸೇರಬೇಕು.

ಊಟದ ಕಸ ಎಸೆಯಲು ಹೊರಗೆ ಬಂದರೆ ತೊಟ್ಟಿಯ ಬಾಗಿಲೇ ತೆರೆಯಲಿಲ್ಲ. ಕರಡಿಗಳು ಬಂದು ಕಸ ತಿನ್ನಬಾರದೆಂದು ಮಾಡಿದ ಕಬ್ಬಿಣದ ತೊಟ್ಟಿಗಳಂತೆ. ಅಣ್ಣ ಎಳೆದ, ನಾನು ಎಳೆದೆ, ಇಬ್ಬರೂ ಸೇರಿ ಎಳೆದೆವು. ಮೂವತ್ತು ವರ್ಷ ಗಣಿತ ಪಾಠ ಮಾಡಿದವಳು ಕರಡಿಯ ಪಂಕ್ತಿಯಲ್ಲಿ ನಿಂತೆ. ಅತ್ತಿಗೆ ಬಂದು ಹಿಡಿಯ ಒಳಗಡೆ ಕೈ ತೂರಿಸಿ, ಯಾವುದೋ ಕೊಕ್ಕೆ ಒತ್ತಿ, ಸಲೀಸಾಗಿ ತೆಗೆದರು. "ನಮ್ಮನೆ ಹಳೇ ಬೀರೂನೂ ಹಿಂಗೇ" ಎಂದರು.

ಅಷ್ಟರಲ್ಲಿ ಅಣ್ಣನ ಫೋನು ಕುಂಯ್ ಎಂದಿತು. ನಮ್ಮ ಮನೆಯ ಪುರೋಹಿತರಾದ ಚಾಮರಾಜಪೇಟೆಯ ಶಾಸ್ತ್ರಿಗಳು ಧ್ವನಿ ಸಂದೇಶ ಕಳಿಸಿದ್ದರು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

"ರಾಮಚಂದ್ರ ರಾಯರೇ, ಒಂದು ಎಡವಟ್ಟಾಗಿದೆ. ನೀವು ನೋಡಿರೋದು ಬೆಂಗ್ಳೂರಿನ ಪಂಚಾಂಗ. ನೀವು ಇರೋ ಕಡೆ ಸೂರ್ಯ ಹನ್ನೊಂದೂವರೆ ಗಂಟೆ ಹಿಂದೆ ಇದಾನೆ. ಅಲ್ಲಿಯ ಲೆಕ್ಕಕ್ಕೆ ಅಪರಾಹ್ನದಲ್ಲಿ ತಿಥಿ ಇರೋದು ಗುರುವಾರ, ಶುಕ್ರವಾರ ಅಲ್ಲ. ಗಾಬರಿಯಾಗ್ಬೇಡಿ. ಎಳ್ಳು ನೀರು ಬಿಡಿ, ಎಡೆ ಮಾಡಿ ಕಾಗೆಗೆ ಇಟ್ಟು ಊಟ ಮಾಡಿ. ವಿಧಿವತ್ತಾಗಿ ಊರಿಗೆ ಬಂದ್ಮೇಲೆ ಮಾಡ್ಸೋಣ."

ಅಣ್ಣ ಮಂಚದ ಮೇಲೆ ಕುಸಿದು ಕೂತ. ಪಂಚಾಂಗವನ್ನು ಸೂಟ್‌ಕೇಸಿನಲ್ಲಿಟ್ಟು ಸಮುದ್ರ ದಾಟಿಸಿದವನಿಗೆ, ಅದರೊಳಗಿನ ಸೂರ್ಯ ಗವಿಪುರಂನಲ್ಲೇ ಉಳಿದಿದ್ದಾನೆಂದು ಹೊಳೆದಿರಲಿಲ್ಲ. ಭೂಗೋಳದ ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತಿದ್ದ ನನಗೂ ಹೊಳೆದಿರಲಿಲ್ಲ, ಆ ವಿಷಯ ನಾನು ಎತ್ತಲಿಲ್ಲ.

ಅತ್ತಿಗೆ ಮೇಜಿನ ಮೇಲಿದ್ದ ಸೂಚನೆಯ ಹಾಳೆ ಹಿಡಿದು ಬಂದರು. "ರೀ, ಇಲ್ಲಿ ಯಾವ ಪ್ರಾಣಿಗೂ ಏನೂ ತಿನ್ನಕ್ಕೆ ಹಾಕ್ಬಾರ್ದು ಅಂತ ಬರ್ದಿದೆ. ಇದೆಲ್ಲಾ ಕಾಡಿನ ಪಾರ್ಕಂತೆ. ನಾಳೆ ಹೋಗೋ ದಾರಿ ಪೂರ್ತಿ ಪಾರ್ಕಂತೆ."

"ಅದು ಕರಡಿಗೆ ಬರ್ದಿರೋದು."

"ಪಕ್ಷೀನೂ ಸೇರಿ ಅಂತಿದೆ."

"ಕಾಗೆ ಯಾವ ಸೀಮೆ ಕಾಡುಪ್ರಾಣಿ ಕಣೇ? ಮನೆ ಕಾಂಪೌಂಡ್ ಮೇಲೆ ಕೂತ್ಕೊಳ್ಳೋದು!" ಎಂದು ಅಣ್ಣ ವಾದ ಮುಗಿಸಿದ.

ಗುರುವಾರ ಬೆಳಗ್ಗೆ: ಮಡಿ

ಅಡುಗೆ ಮಡಿಯಲ್ಲೇ ಆಗಬೇಕೆಂದು ಅತ್ತಿಗೆ ಹಿಂದಿನ ಸಂಜೆ ಸೀರೆ ಒಗೆದು ಮೋಟೆಲಿನ ಕಟಕಟೆಯ ಮೇಲೆ ಹರವಿದ್ದರು. ಬೆಳಗ್ಗೆ ನೋಡಿದರೆ ಸೀರೆ ಚಳಿಗೆ ಸೆಟೆದು ಹಪ್ಪಳದ ಹಾಗಾಗಿತ್ತು. ಇಬ್ಬರೂ ಎರಡು ತುದಿ ಹಿಡಿದು ಒಳಗೆ ತಂದೆವು. ಬಾಗಿಲಲ್ಲಿ ಅದು ಬಾಗಲಿಲ್ಲ, ಓರೆ ಮಾಡಿ ತರಬೇಕಾಯಿತು. ಪಕ್ಕದ ಕೋಣೆಯ ಬಿಳಿ ಗಡ್ಡದ ಮುದುಕ ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದವನು, ದಾರಿ ಬಿಟ್ಟು, ಸಾರಿ ಎಂದ. ಈ ದೇಶದಲ್ಲಿ ನೀವು ಅವರ ಕಾಲು ತುಳಿದರೆ ಅವರು ಸಾರಿ ಹೇಳುತ್ತಾರೆ. ನಮ್ಮ ಸಂಪಿಗೆ ರಸ್ತೆಯಲ್ಲಿ ಶನಿವಾರ ಸಂಜೆ ಇವರನ್ನು ಬಿಟ್ಟರೆ ಸಾರಿ ಹೇಳಿ ಹೇಳಿಯೇ ಸುಸ್ತಾಗಿ ಮಲಗಿಬಿಡುತ್ತಾರೆ.

ಕರೆಂಟಿನ ಕುಕ್ಕರಿನಲ್ಲಿ ಅನ್ನ, ತೊವ್ವೆ, ಪಾಯಸ ಮೂರೂ ಸರದಿಯಲ್ಲಿ ಆದವು. ಅಣ್ಣ ಸ್ನಾನ ಮಾಡಿ ಪಂಚೆ ಉಟ್ಟು, ಅದರ ಮೇಲೆ ಪದ್ಮಾ ಕೊಟ್ಟಿದ್ದ ದಪ್ಪ ಕೋಟು ಹಾಕಿ, ತಲೆಗೆ ಮಂಕಿ ಟೋಪಿ ಏರಿಸಿ ಕಾರಿನಲ್ಲಿ ಕೂತ. ಒಂದು ಗುಟುಕು ಕಾಫಿಯೂ ಇಲ್ಲ.

"ಎಷ್ಟೊತ್ತು ಹಿಂಗೇ ಇರ್ತೀಯ?" ಎಂದೆ.

"ಕಾಗೆ ಮುಟ್ಟೋವರ್ಗೆ."

"ಅಣ್ಣ, ಈ ದಾರೀಲಿ ಫೋನೂ ಸಿಗಲ್ಲ, ಆಸ್ಪತ್ರೇನೂ ಇಲ್ಲ. ನಿಂಗೆ ತಲೆ ಸುತ್ತಿದ್ರೆ ನಾನೇನ್ ಮಾಡ್ಲಿ?"

"ಮುಂದೆ ನೋಡ್ಕೊಂಡ್ ಓಡ್ಸು" ಎಂದು ಮ್ಯಾಟಿನ ಮೇಲೆ ಬ್ರೇಕ್ ಒತ್ತಿದ. ಕಾರು ಇನ್ನೂ ಹೊರಟಿರಲಿಲ್ಲ.

ಬೋ ಸರೋವರ: ನೋಡುವವರು

ಹೆದ್ದಾರಿಯ ಅಂದವನ್ನು ನಾನು ವರ್ಣಿಸಲಾರೆ, ಅರ್ಧ ಸಮಯ ನನ್ನ ಕಣ್ಣು ಅಣ್ಣನ ಮುಖದ ಮೇಲಿತ್ತು. ಇನ್ನರ್ಧದಲ್ಲಿ ಕಂಡದ್ದಿಷ್ಟು: ಎರಡೂ ಕಡೆ ಬೆಟ್ಟಗಳು ಎಷ್ಟು ಹತ್ತಿರವೆಂದರೆ ಕಾರಿನೊಳಗಿಂದ ತುದಿ ಕಾಣಬೇಕಾದರೆ ಕತ್ತು ಮುರಿಯಬೇಕು. ನಡುನಡುವೆ ಬೆಟ್ಟದ ಹೆಗಲಿನಿಂದ ಹಿಮದ ನಾಲಿಗೆಗಳು ಇಳಿಬಿದ್ದಿರುತ್ತವೆ. ಒಂದು ಅಂಗಡಿಯಿಲ್ಲ, ಜಾಹೀರಾತಿನ ಹಲಗೆಯಿಲ್ಲ, ರಾಜಕಾರಣಿಯ ಹುಟ್ಟುಹಬ್ಬದ ಫ್ಲೆಕ್ಸ್ ಇಲ್ಲ. ಅಷ್ಟು ಚೊಕ್ಕ ರಸ್ತೆಯಲ್ಲಿ ಓಡಿಸುವಾಗ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಬೋ ಸರೋವರದ ದಡದಲ್ಲಿ ವಯಸ್ಸಾದ ಗಂಡ ಹೆಂಡತಿ ಮಡಚುವ ಕುರ್ಚಿ ಹಾಕಿಕೊಂಡು ನೀರು ನೋಡುತ್ತಿದ್ದರು. ನಾವು ಹೋದಾಗ ನೋಡುತ್ತಿದ್ದರು, ಫೋಟೋ ತೆಗೆದು ಶೌಚಾಲಯದ ಸಾಲಿನಲ್ಲಿ ನಿಂತು ಬಂದಾಗಲೂ ನೋಡುತ್ತಿದ್ದರು. ಮಾತಿಲ್ಲ, ಫೋನಿಲ್ಲ, ಕುರುಕಲಿಲ್ಲ.

"ಜಗಳ ಆಡಿರ್ಬೇಕು" ಎಂದರು ಅತ್ತಿಗೆ.

ಕಾಡಿನ ಕಾಲುದಾರಿಯಿಂದ ಚಪ್ಪಾಳೆ ತಟ್ಟುತ್ತಾ, "ಹೇ ಕರಡೀ, ಹೇ ಕರಡೀ" ಎಂದು ಇಂಗ್ಲಿಷಿನಲ್ಲಿ ಕೂಗುತ್ತಾ ನಾಲ್ಕು ಜನ ಬಂದರು. ಕರಡಿಗೆ ಮುಂಚಿತವಾಗಿ ತಿಳಿಸಿ ಹೋಗುವುದು ಇಲ್ಲಿಯ ಪದ್ಧತಿಯಂತೆ. ಲಾಲ್‌ಬಾಗಿನಲ್ಲಿ ಬೆಳಗ್ಗೆ ಚಪ್ಪಾಳೆ ತಟ್ಟಿ ಹೋ ಎಂದು ನಗುವ ಸಂಘದವರನ್ನು ಕಂಡು ಅಭ್ಯಾಸವಿದ್ದ ಅಣ್ಣ, ಇವರೂ ಅವರೇ ಎಂದುಕೊಂಡು ತಾನೂ ಚಪ್ಪಾಳೆ ತಟ್ಟಿದ. ಅವರಿಗೆ ಬಹಳ ಸಂತೋಷವಾಯಿತು.

ಆಗ ಹನ್ನೊಂದು ಗಂಟೆ. ಚಪ್ಪಾಳೆ ತಟ್ಟಿದಮೇಲೆ ಅಣ್ಣ ಕಾರಿಗೆ ಒರಗಿ ನಿಂತ. ನನಗೆ ಅದು ಇಷ್ಟವಾಗಲಿಲ್ಲ.

ಪೇಟೋ: ಕ್ಯಾಲೆಂಡರಿನ ನೀರು

ಪೇಟೋ ಸರೋವರ ನೋಡಲು ಏರುದಾರಿಯಲ್ಲಿ ಸ್ವಲ್ಪ ನಡೆಯಬೇಕು. ಅಣ್ಣನನ್ನು ಕಾರಿನಲ್ಲೇ ಇರು ಎಂದರೆ ಕೇಳಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಮರ ನೋಡುವ ನೆಪ ಮಾಡುತ್ತಾ ಬಂದ.

ಮೇಲೆ ಕಟಕಟೆಯ ಬಳಿ ಜನವೋ ಜನ. ಅತ್ತಿಗೆ ಸಂದು ಮಾಡಿಕೊಂಡು ಮುಂದೆ ಹೋದರು. ಕೆಳಗೆ ಅದೇ ನೀರು. ಅದೇ ನೀಲಿ, ಕ್ಯಾಲೆಂಡರಿನ ಅಚ್ಚಿನವರು ಒಂದಿಷ್ಟೂ ಹೆಚ್ಚು ಮಾಡಿರಲಿಲ್ಲ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ನಾನು ಫೋಟೋ ತೆಗೆಯಲು ಹೋದರೆ ಬೇಡ ಎಂದು ಕೈಯಾಡಿಸಿದರು. ಎಷ್ಟೋ ಹೊತ್ತಿನ ಮೇಲೆ ಅಣ್ಣನ ಕಡೆ ತಿರುಗಿ, "ಮನೇಗ್ ಹೋದ್ಮೇಲೆ ಹಾಳೆ ತಿರುಗಿಸ್ಬಹುದು ರೀ" ಎಂದರು.

ನನ್ನ ಕಣ್ಣೂ ತುಂಬಿತು. ನಾವು ಮೂವರೂ ಮಾತಿಲ್ಲದೆ ಆ ನೀರು ನೋಡುತ್ತಾ ನಿಂತದ್ದನ್ನು ಬೇರೆ ಯಾರಾದರೂ ಕಂಡಿದ್ದರೆ ಜಗಳವಾಡಿದ್ದೇವೆ ಎಂದುಕೊಳ್ಳುತ್ತಿದ್ದರು.

ದಾರಿಬದಿಯ ತಂಗುದಾಣ: ಕಾಗೆ

ಎಳ್ಳು ನೀರು ಬಿಟ್ಟು ಎಡೆ ಇಡಲು ಮಧ್ಯಾಹ್ನ ಒಂದು ಗಂಟೆ ದಾಟಬೇಕಿತ್ತು, ದಾಟಿತು. ಹೊಳೆಯ ಪಕ್ಕದಲ್ಲಿ ಮರದ ಮೇಜು ಬೆಂಚು ಹಾಕಿದ್ದ ಒಂದು ತಂಗುದಾಣ ಕಂಡಿತು. ಬೇರೆ ಯಾರೂ ಇರಲಿಲ್ಲ. ಕಾರು ನಿಲ್ಲಿಸುವಷ್ಟರಲ್ಲಿ ಕಾಗೆ ಬಂತು.

ಬಂತು ಎಂದರೆ ಸಾಲದು. ಕಾರಿನ ಬಾನೆಟ್ಟಿನ ಮೇಲೆ ಧಡ್ ಎಂದು ಇಳಿದು, ಗಾಜಿನಾಚೆಯಿಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ನಮ್ಮ ಕಾಗೆಗೆ ದೊಡ್ಡಪ್ಪನಾಗಬೇಕು, ಅಷ್ಟು ದೊಡ್ಡದು. ಕತ್ತಿನಲ್ಲಿ ಗಡ್ಡದ ಹಾಗೆ ಪುಕ್ಕ. ಅದರ ಹಿಂದೆ ಇನ್ನೊಂದು ಬಂತು, ಬೇಲಿಯ ಮೇಲೆ ಮೂರನೆಯದು ಕೂತಿತು. ಅಣ್ಣನ ಮುಖ ನೋಡಬೇಕಿತ್ತು. ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ಕಾಗೆಗಾಗಿ ಅಲೆದವನಿಗೆ ಇಲ್ಲಿ ಮೂರು ತಾವಾಗಿ ಬಂದು ಕಾಯುತ್ತಿದ್ದವು.

"ನೋಡಿದ್ಯೇನೇ? ಅಪ್ಪ ಇಲ್ಲಿಗೂ ಬಂದ್ರು!"

ಕೋಟಿನ ಮೇಲೆ ಉತ್ತರೀಯ ಹಾಕಿಕೊಂಡು, ಎಳ್ಳು ನೀರು ಬಿಟ್ಟ. ಅತ್ತಿಗೆ ಕಾಗದದ ತಟ್ಟೆಯಲ್ಲಿ ಅನ್ನ, ತೊವ್ವೆ, ಮೊಸರು, ಪಾಯಸ ಬಡಿಸಿದರು. ಅಣ್ಣ ಅದನ್ನು ಒಂದು ಬಂಡೆಯ ಮೇಲಿಟ್ಟು ಕೈ ಮುಗಿದ. ಕಾಗೆ ಎರಡು ಹೆಜ್ಜೆ ಮುಂದೆ ಹಾಕಿತು.

ಹಿಂದಿನಿಂದ ಒಂದು ಬಿಳಿ ಜೀಪು ಬಂದು ನಿಂತಿತು. ಸಮವಸ್ತ್ರದ ಹುಡುಗಿಯೊಬ್ಬಳು ಇಳಿದಳು, ಇಪ್ಪತ್ತೈದರ ಆಸುಪಾಸು, ಎರಡು ಜಡೆ. ಪಾರ್ಕಿನ ರೇಂಜರ್. ಮೊದಲು ಸಾರಿ ಎಂದಳು. ಆಮೇಲೆ, ದಯವಿಟ್ಟು ಆ ತಟ್ಟೆ ಎತ್ತಿಕೊಳ್ಳಿ, ಇಲ್ಲಿ ಪಕ್ಷಿಗಳಿಗೆ ತಿನ್ನಿಸುವುದು ಕಾನೂನಿಗೆ ವಿರುದ್ಧ ಎಂದಳು.

ನಾನು ನನ್ನ ಇಂಗ್ಲಿಷನ್ನು ಒಟ್ಟುಮಾಡಿಕೊಂಡು, "ಇದು ನಮ್ಮ ತಂದೆಗೆ ಇಟ್ಟಿರುವ ಊಟ" ಎಂದೆ.

ಅವಳು ಕಾರಿನ ಕಡೆ ನೋಡಿದಳು. "ನಿಮ್ಮ ತಂದೆ ಎಲ್ಲಿದ್ದಾರೆ?"

ಈ ಪ್ರಶ್ನೆಗೆ ಏನು ಉತ್ತರ ಕೊಡಲಿ? ನಾನು ಬಂಡೆಯ ಬಳಿಯಿದ್ದ ಕಾಗೆಯನ್ನು ತೋರಿಸಿದೆ. ಅವಳು ಕಾಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಪಂಚೆಯ ಮೇಲೆ ಕೋಟು ತೊಟ್ಟು ಕೈ ಮುಗಿದು ನಿಂತ ಅಣ್ಣನನ್ನು ನೋಡಿದಳು. ನಗಲಿಲ್ಲ, ಅದಕ್ಕೆ ಅವಳಿಗೆ ಪುಣ್ಯ ಬರಲಿ. ಒಂಬತ್ತು ವರ್ಷ, ತಿಥಿ, ಹಸಿವು ಎಂದು ನಾನು ತೊದಲಿದ್ದನ್ನೆಲ್ಲ ಕೇಳಿಸಿಕೊಂಡು, ಟೋಪಿ ತೆಗೆದು ಅಣ್ಣನಿಗೇ ಹೇಳಿದಳು. ಜನರ ಕೈ ಊಟದ ರುಚಿ ಹತ್ತಿದ ಹಕ್ಕಿ ರಸ್ತೆಗೆ ಬಂದು ಕೂರುತ್ತದೆ, ಕಾರ್ ಹೊಡೆದು ಸಾಯುತ್ತದೆ. ಹೋದ ವಾರ ಇದೇ ತಿರುವಿನಲ್ಲಿ ಸತ್ತ ಒಂದನ್ನು ತಾನೇ ಎತ್ತಿ ಹಾಕಿದೆ ಎಂದಳು. "ಇವರು ನಿಮ್ಮ ತಂದೆಯಾದರೆ, ಸರ್, ಇವರು ರಸ್ತೆಯಿಂದ ದೂರ ಇರುವುದೇ ಒಳ್ಳೆಯದಲ್ಲವೇ?"

ಅಣ್ಣನೇ ಬಗ್ಗಿ ತಟ್ಟೆ ಎತ್ತಿಕೊಂಡ. ಹುಡುಗಿ ಮತ್ತೊಮ್ಮೆ ಸಾರಿ ಎಂದು, ಜೀಪು ಹತ್ತಿ ಹೋದಳು.

ನಾವು ಮೂವರೂ ಮರದ ಮೇಜಿಗೆ ಬಂದು ಕೂತೆವು. ಮಧ್ಯದಲ್ಲಿ ತಟ್ಟೆ. ಅಣ್ಣನ ಹಣೆಯ ಮೇಲೆ ಬೆವರು. ಆ ಚಳಿಯಲ್ಲಿ ಬೆವರು!

"ಅಣ್ಣ, ಬೆಳಗ್ಗೆ ಸಕ್ಕರೆ ಮಾತ್ರೆ ತಗೊಂಡ್ಯಾ?"

"ಅಭ್ಯಾಸ... ತಗೊಂಡ್ಬಿಟ್ಟೆ."

ಮಾತ್ರೆ ತೆಗೆದುಕೊಂಡು ಮಧ್ಯಾಹ್ನದವರೆಗೆ ಖಾಲಿ ಹೊಟ್ಟೆ. ಪಾಯಸವನ್ನು ಒಂದು ಲೋಟಕ್ಕೆ ಬಗ್ಗಿಸಿ ಮುಂದೆ ತಳ್ಳಿದೆ. ಮುಖ ತಿರುಗಿಸಿದ. ಬ್ಯಾಗಿನಿಂದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗಿಡಲು ಹೋದೆ. ಚಿಕ್ಕ ಮಗುವಿನ ಹಾಗೆ ತುಟಿ ಬಿಗಿದುಕೊಂಡ.

"ಕಾಗೆ ಮುಟ್ದೆ ನಾನ್ ಹೆಂಗೆ ತಿನ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. "ತಿನ್ಬೇಡ! ಇಲ್ಲೇ ಬಿದ್ದು ಸಾಯಿ! ಮುಂದಿನ್ ವರ್ಷ ಇಬ್ರಿಗೂ ಒಟ್ಗೆ ಎಡೆ ಇಡ್ತೀನಿ. ಅಪ್ಪಂಗೆ ಏನೋ ಇದ್ರಿಂದ ಸಿಗೋದು? ಯಾಕೋ ಈ ಹಟ?"

"ಜಯಾ, ಬಿಡ್ತು ಅನ್ನು!" ಎಂದರು ಅತ್ತಿಗೆ. ಅವರು ಅಳುತ್ತಿದ್ದರು.

ಅಣ್ಣ ತಟ್ಟೆಯನ್ನೇ ನೋಡುತ್ತಿದ್ದ. "ನಿಂಗ್ ಗೊತ್ತಿಲ್ಲ ಕಣೇ," ಎಂದ. "ಆವತ್ತು ಅಪ್ಪ ನಂಗೋಸ್ಕರ ಕಾಯ್ತಾ ಹಸ್ಕೊಂಡೇ ಹೋದ್ರು."

ಆ ದಿನ ಅಣ್ಣ ಕೆಲಸದ ಮೇಲೆ ತುಮಕೂರಿಗೆ ಹೋಗಿದ್ದ. ಒಂದು ಗಂಟೆಗೆ ಚಾಮರಾಜಪೇಟೆಗೆ ಬಂದು ಅಪ್ಪನ ಜೊತೆ ಊಟ ಮಾಡುತ್ತೇನೆಂದು ಫೋನು ಮಾಡಿದ್ದ. ಬಂದದ್ದು ನಾಲ್ಕಕ್ಕೆ. ಮೂರೂವರೆಗೆ ಅಪ್ಪ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಹೋಗಿಬಿಟ್ಟಿದ್ದರು.

"ಟ್ರಾಫಿಕ್ ಅಂತ ಹೇಳಿದ್ನಲ್ಲ, ಟ್ರಾಫಿಕ್ ಇರ್ಲಿಲ್ಲ. ಗೆಳೆಯನ ಕಾರಲ್ಲಿ ಬರ್ತಿದ್ದೆ. ಕ್ಯಾತ್ಸಂದ್ರದಲ್ಲಿ ನಿಲ್ಸಿ ತಟ್ಟೆ ಇಡ್ಲಿ ತಿಂದ್ವಿ. ಇನ್ನೊಂದು ಪ್ಲೇಟ್ ತಿಂದ್ವಿ. ಹರಟೆ ಹೊಡ್ಕೊಂಡ್ ಕೂತ್ವಿ. ಮನೇಗ್ ಬಂದ್ರೆ ಮೇಜಿನ ಮೇಲೆ ಅಪ್ಪನ ತಟ್ಟೆ ಬೋರಲು ಹಾಕಿತ್ತು. ನಾನಲ್ಲಿ ಬೆಣ್ಣೆ ಹಾಕಿಸ್ಕೊಂಡು ತಿಂತಿದ್ದಾಗ ಅಪ್ಪ ಇಲ್ಲಿ ಖಾಲಿ ಹೊಟ್ಟೇಲಿ ನನ್ನ ದಾರಿ ನೋಡ್ತಿದ್ರು. ವರ್ಷಕ್ಕೊಂದ್ಸಲ ಅವ್ರು ತಿನ್ನೋವರ್ಗೂ ನಾನು ಕಾಯಕ್ಕಾಗಲ್ವೇನೇ?"

ಒಂಬತ್ತು ವರ್ಷ ಯಾರಿಗೂ ಹೇಳದೆ ನುಂಗಿಕೊಂಡಿದ್ದ ಮಾತು ನನ್ನಲ್ಲೂ ಒಂದಿತ್ತು. ಹೇಳಿದರೆ ಅಣ್ಣ ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಹೇಳದಿದ್ದರೆ ಅವನು ಈ ಬೆಂಚಿನಿಂದ ಏಳುವುದಿಲ್ಲ.

"ಅಪ್ಪ ಹಸ್ಕೊಂಡ್ ಹೋಗ್ಲಿಲ್ಲ ಕಣೋ," ಎಂದೆ.

"ಏನಂದೆ?"

"ಒಂದೂ ಕಾಲಿಗೆ ತಿಂದ್ರು. ಎದುರುಮನೆಯವ್ರು ನಾಮಕರಣದ ಒಬ್ಬಟ್ಟು ಕಳ್ಸಿದ್ರು. 'ರಾಮೂನ ನಂಬ್ಕೊಂಡು ಕೂತ್ರೆ ಸಂಜೆ ಕಾಫಿಗೂ ಗತಿ ಇಲ್ಲ, ಒಂದು ಕೊಡು' ಅಂದ್ರು. ಒಂದಲ್ಲ, ಮೂರು ತಿಂದ್ರು. ಆಮೇಲೆ 'ತಟ್ಟೆ ತೊಳ್ದು ಬೋರಲು ಹಾಕು, ಕಾಯ್ತಿದ್ದೆ ಅನ್ನೋ ಹಾಗೆ ಕಾಣ್ಲಿ, ಪಾಪ ಬೇಜಾರ್ ಮಾಡ್ಕೋತಾನೆ, ಅವನು ಬಂದ್ಮೇಲೆ ಇನ್ನೊಂದ್ಸಲ ಕೂರ್ತೀನಿ' ಅಂದ್ರು."

ಅಣ್ಣ ತಲೆಯೆತ್ತಿದ. ಮಂಕಿ ಟೋಪಿಯೊಳಗೆ ಅವನ ಕಣ್ಣುಗಳು ಇಷ್ಟಗಲವಾಗಿದ್ದವು.

"ಒಂಬತ್ ವರ್ಷ ಯಾಕೇ ಹೇಳ್ಲಿಲ್ಲ?"

"ಹೆಂಗೋ ಹೇಳ್ಲಿ? ಅಪ್ಪಂಗೂ ಸಕ್ಕರೆ ಕಾಯ್ಲೆ. ಡಾಕ್ಟ್ರು ಸಿಹಿ ಮುಟ್ಟಕೂಡ್ದು ಅಂದಿದ್ರು. ನನ್ ಕೈಯಾರೆ ಮೂರು ಒಬ್ಬಟ್ಟು ಕೊಟ್ಟೆ, ಎರಡೂ ಕಾಲು ಗಂಟೆ ಕಳೆಯೋಷ್ಟ್ರಲ್ಲಿ ಹೋಗ್ಬಿಟ್ರು. ನಾನೇ ಕೊಂದೆ ಅಂದ್ಕೊಂಡಿದ್ದೆ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಒತ್ತರಿಸಿ ಬಂತು. ಅರವತ್ತು ದಾಟಿದ ಗಣಿತದ ಟೀಚರು ನಾನು, ಮೂರು ಕಾಗೆಗಳ ಮುಂದೆ ಹೋ ಎಂದು ಅತ್ತೆ.

"ಅಯ್ಯೋ ನಿಮ್ಮಿಬ್ರ ಮನೆ ಕಾಯ್ವಾಗ!" ಎಂದರು ಅತ್ತಿಗೆ. "ಒಬ್ರಿಗೊಬ್ರು ಹೇಳ್ದೆ ಇಷ್ಟ್ ವರ್ಷ! ಇಬ್ರ ಮಧ್ಯ ನಾನ್ಯಾಕೆ ಪ್ರತಿ ಸಲ ಸಾಯಂಕಾಲದವರ್ಗೂ ಉಪವಾಸ ಇದ್ದೆ?"

ಅಣ್ಣ ನನ್ನ ಕೈ ಹಿಡಿದುಕೊಂಡ. ಅವನ ಕೈ ತಣ್ಣಗಿತ್ತು. "ಹಾರ್ಟು ನಿಂತಿದ್ದು ಅಂತ ಡಾಕ್ಟ್ರೇ ಹೇಳ್ಲಿಲ್ವೇನೇ ಹುಚ್ಚಿ. ಮೂರು ಒಬ್ಬಟ್ಟಿಗೆ ಜನ ಸಾಯೋದಾದ್ರೆ ಯುಗಾದಿ ಮಾರನೇ ದಿನ ಬಸವನಗುಡೀಲಿ ಯಾರೂ ಉಳೀತಿರ್ಲಿಲ್ಲ."

ನಾನು ಮೂಗು ಒರೆಸಿಕೊಂಡೆ. ಅಣ್ಣ ಮೆಲ್ಲಗೆ ಕೇಳಿದ.

"ತುಪ್ಪ ಹಾಕಿದ್ಯಾ?"

"ಕೇಳಿ ಹಾಕಿಸ್ಕೊಂಡ್ರು."

"ಹೊಟ್ಟೆ ತುಂಬ ತಿಂದ್ರಾ?"

"ತೇಗಿದ್ರು ಕಣೋ," ಎಂದೆ. "ಎದುರುಮನೆಗೆ ಕೇಳೋ ಹಾಗೆ ತೇಗಿದ್ರು."

ಅಣ್ಣ ಪಾಯಸದ ಲೋಟ ಎತ್ತಿಕೊಂಡ. ಕೈ ನಡುಗುತ್ತಿತ್ತು. ಅತ್ತಿಗೆ ಹಿಡಿದುಕೊಳ್ಳಲು ಹೋದರೆ ಬೇಡವೆಂದು, ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದೆ ಕುಡಿದ.